ಜಾರ್ಜ್ ಎಫ್. ಬಾಸ್

ಜಾರ್ಜ್ ಎಫ್. ಬಾಸ್ (1932–2021): ಅಮೆರಿಕದ ಪುರಾತತ್ತ್ವಜ್ಞ, ಸಮುದ್ರತಳದ ಉತ್ಖನನಕ್ಕೆ ಶಾಸ್ತ್ರೀಯ ಬುನಾದಿ ಹಾಕಿದವ. ದಕ್ಷಿಣ ಕೆರೊಲಿನ ರಾಜ್ಯದ ಕೊಲಂಬಿಯದಲ್ಲಿ ಜನನ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡ.

ಗೆಲಿಡೋನ್ಯ: ಟರ್ಕಿಯ ದಕ್ಷಿಣ ಕರಾವಳಿಯ ಗೆಲಿಡೋನ್ಯ ಭೂಶಿರದ ಬಳಿ ಹಡಗೊಂದು ಮುಳುಗಿರುವ ಸುಳಿವನ್ನು ಸ್ಪಂಜು ಸಂಗ್ರಹಿಸುವ ಮುಳುಗುಗಾರರು ಪತ್ರಕರ್ತ ಪೀಟರ್ ಥ್ರಾಕ್‌ಮಾರ್ಟನ್‌ಗೆ ನೀಡಿದ್ದರು. ಅದರ ಉತ್ಖನನದ ಹೊಣೆ ಇನ್ನೂ ವಿದ್ಯಾರ್ಥಿಯಾಗಿದ್ದ ಬಾಸ್‌ನ ಪಾಲಿಗೆ ಬಂತು. ಅಲ್ಲಿಯವರೆಗೆ ಮುಳುಗುಗಾರರು ಸಿಕ್ಕಿದ್ದನ್ನು ಎತ್ತಿ ತರುತ್ತಿದ್ದರು, ವಿದ್ವಾಂಸರು ಮೇಲೆ ಕಾಯುತ್ತಿದ್ದರು. ಪುರಾತತ್ತ್ವಜ್ಞನೇ ನೀರಿಗಿಳಿಯಬೇಕು, ನೆಲದ ಮೇಲಿನ ಶಿಸ್ತು ಅಲ್ಲಿಯೂ ನಡೆಯಬೇಕು ಎಂಬುದು ಬಾಸ್‌ನ ನಿಲುವು. ಈಜುಕೊಳದಲ್ಲಿ ಮುಳುಗುವುದನ್ನು ಕಲಿತು 1960ರಲ್ಲಿ ಸುಮಾರು 27 ಮೀಟರ್ ಆಳಕ್ಕೆ ಇಳಿದ. ಸುಮಾರು ಕ್ರಿ.ಪೂ. 1200ರ ತಾಮ್ರದ ಗಟ್ಟಿಗಳು ಸುಣ್ಣದ ಪದರದಲ್ಲಿ ಹೂತು ಬಂಡೆಗೆ ಅಂಟಿಕೊಂಡಿದ್ದವು. ತಂಡದವರು ಅವನ್ನು ಉಳಿ, ಸುತ್ತಿಗೆ ಮತ್ತು ಕಾರಿನ ಜಾಕ್‌ನಿಂದ ದೊಡ್ಡ ಹೆಂಟೆಗಳಾಗಿ ಬಿಡಿಸಿ, ದಡಕ್ಕೆ ತಂದು, ತಳದಲ್ಲಿದ್ದಂತೆಯೇ ಜೋಡಿಸಿ, ಬಳಿಕ ಒಂದೊಂದಾಗಿ ಬೇರ್ಪಡಿಸಿದರು. ಹಡಗು ಪೂರ್ವ ಮೆಡಿಟರೇನಿಯನ್ ತೀರದ್ದೆಂದು ಬಾಸ್ ವಾದಿಸಿದ. ಆ ಕಾಲದ ಕಡಲ ವ್ಯಾಪಾರವೆಲ್ಲ ಗ್ರೀಸಿನ ಮೈಸೀನಿಯನ್ನರ ಕೈಯಲ್ಲಿತ್ತೆಂದು ನಂಬಿದ್ದ ಹಲವು ವಿದ್ವಾಂಸರು ಇದನ್ನು ಒಪ್ಪಲಿಲ್ಲ.

ವಿಧಾನ, ಸಂಸ್ಥೆ: 1961–64ರಲ್ಲಿ ಟರ್ಕಿಯ ಯಾಸಿ ಅಡಾ ದ್ವೀಪದ ಬಳಿ 7ನೆಯ ಶತಮಾನದ ಬೈಜಾಂಟೈನ್ ಹಡಗನ್ನು ಉತ್ಖನನ ಮಾಡಿದಾಗ ತಳದ ಮೇಲೆ ಲೋಹದ ಚೌಕಟ್ಟುಗಳನ್ನು ಹರಡಿ, ಪ್ರತಿ ಚೌಕವನ್ನೂ ಛಾಯಾಚಿತ್ರ ತೆಗೆದು ನಕ್ಷೆ ಮಾಡಲಾಯಿತು. 1970ರ ದಶಕದಲ್ಲಿ ಈತ ಸ್ಥಾಪಿಸಿದ ನೌಕಾ ಪುರಾತತ್ತ್ವ ಸಂಸ್ಥೆ 1976ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ನೆಲೆಯೂರಿ ಹೊಸ ತಲೆಮಾರಿನ ಸಂಶೋಧಕರನ್ನು ತಯಾರುಮಾಡಿತು.

ಉಲುಬುರುನ್: 1982ರಲ್ಲಿ ಟರ್ಕಿಯ ಉಲುಬುರುನ್ ಭೂಶಿರದ ಬಳಿ ಸ್ಪಂಜು ಮುಳುಗುಗಾರನೊಬ್ಬ ಕಂಡ ‘ಕಿವಿಯುಳ್ಳ ಲೋಹದ ಬಿಸ್ಕತ್ತು’ಗಳ (ತಾಮ್ರದ ಗಟ್ಟಿಗಳ) ಜಾಡಿನಲ್ಲಿ ಪತ್ತೆಯಾದ ಹಡಗು ಕ್ರಿ.ಪೂ. 14ನೆಯ ಶತಮಾನದ ಕೊನೆಯ ಭಾಗದ್ದು. 1984ರಲ್ಲಿ ಬಾಸ್ ಆರಂಭಿಸಿದ ಉತ್ಖನನವನ್ನು ಶಿಷ್ಯ ಜೆಮಾಲ್ ಪುಲಾಕ್ 1994ರವರೆಗೆ ನಡೆಸಿದ. 40 ಮೀಟರಿಗೂ ಮಿಕ್ಕ ಆಳದಲ್ಲಿ ಒಮ್ಮೆಗೆ ಸುಮಾರು 20 ನಿಮಿಷವಷ್ಟೇ ಕೆಲಸ ಮಾಡಬಹುದಿತ್ತು. ಒಟ್ಟು 22,000ಕ್ಕೂ ಹೆಚ್ಚು ಬಾರಿ ಮುಳುಗಬೇಕಾಯಿತು. 10 ಟನ್ ತಾಮ್ರ, 1 ಟನ್ ತವರ, ನೀಲಿ ಗಾಜಿನ ಗಟ್ಟಿಗಳು, ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರಿನ ಚಿನ್ನದ ಮುದ್ರೆ, ಪೂರ್ವ ಮೆಡಿಟರೇನಿಯನ್ ತೀರದ ಕಾನಾನ್ ಪ್ರದೇಶದ ರಾಳ ತುಂಬಿದ ಜಾಡಿಗಳು ದೊರೆತು, ಬಾಸ್‌ನ ಹಳೆಯ ವಾದಕ್ಕೆ ಬಲ ಬಂತು.

ನಿಧಿ ಬೇಟೆಗಾರರನ್ನು ಬಾಸ್ ಕೊನೆಯವರೆಗೂ ಕಟುವಾಗಿ ವಿರೋಧಿಸಿದ. ಅವನ ವಿರೋಧ ಎಷ್ಟು ಸರಿಯೆಂಬುದಕ್ಕೆ ಉಲುಬುರುನ್ ಸಾಕ್ಷಿ: ಚಿನ್ನವನ್ನಷ್ಟೇ ದೋಚಿದ್ದರೆ, ಕಂಚಿನ ಯುಗದ ವ್ಯಾಪಾರದ ಬಗೆಯನ್ನು ತಿಳಿಸುವ ರಾಳ, ತವರ, ಗಾಜು ಯಾವುವೂ ನಮಗೆ ಉಳಿಯುತ್ತಿರಲಿಲ್ಲ.