ಹಾಡು ಕಟ್ಟಿದವಳ ಹೆಸರು

1

ರಾತ್ರಿ ಹೊತ್ತು ದೋಣಿಗಾಲ್ ಕಡೆಯಿಂದ ಗೂಡ್ಸ್ ರೈಲು ಘಾಟಿ ಹತ್ತಿ ಬರುವ ಸದ್ದು ಸಕಲೇಶಪುರದ ಸುತ್ತಿನ ಕಾಫಿತೋಟಗಳ ಲೈನ್ ಮನೆಗಳಿಗೆ ಚೆನ್ನಾಗಿ ಕೇಳುತ್ತದೆ. ಇಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿ.ಮೀ. ದೂರದಲ್ಲಿ 57 ಸುರಂಗಗಳಿವೆ. 1979ರಲ್ಲಿ ಶುರುವಾದ ಈ ಹಾದಿಯಲ್ಲಿ ರೈಲು ಏದುಸಿರು ಬಿಟ್ಟುಕೊಂಡೇ ಬರಬೇಕು. ಅಂಥದೊಂದು ಲೈನ್ ಮನೆಯಲ್ಲಿ ಈ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆ ಹನ್ನೊಂದೋ ಹನ್ನೆರಡೋ ವಯಸ್ಸಿನ ಕಪ್ಪು ಹುಡುಗಿಯೊಬ್ಬಳು ತನ್ನ ಮನೆ ಹತ್ತಿರ ಹಾದುಹೋಗುತ್ತಿದ್ದ ಗೂಡ್ಸ್ ಗಾಡಿಯ ಮೇಲೆ ಹಾಡು ಕಟ್ಟಿದ್ದಳು ಅನ್ನೋದು ನನಗೆ ತಿಳಿದದ್ದು ಮಾತ್ರ ಈಚೆಗೆ. ಮೈಸೂರಿನ ಗೆಳೆಯನೊಬ್ಬ ಆ ಹಾಡನ್ನು ಕೇಳಿಸಿದ. ಸಾವನ್ನು ನೆನೆಯುವ ಆ ಹುಡುಗಿ ಮಣ್ಣಿನೊಳಗಿದ್ದರೂ ರೈಲಿನ ಸದ್ದು ತನಗೆ ಕೇಳಬೇಕು ಎಂದು ಬಯಸುತ್ತಾಳೆ. ಹೂಳಲು ಮೂರಡಿ ಆರಡಿ ಸ್ವಂತ ಜಾಗವಿಲ್ಲದ ಜನರ ನಡುವಿಂದ ಬಂದ ನನಗೆ ಈ ಬಯಕೆ ದೂರದ್ದು ಅನ್ನಿಸಲಿಲ್ಲ.

ಆಕೆ ಎಲಿಜಬೆತ್ ಕಾಟನ್. ಆಕೆಯ ಧ್ವನಿಮುದ್ರಿಕೆಗಳ ಚರಿತ್ರೆಯನ್ನು ಮುಂದಿಟ್ಟುಕೊಂಡು ನಾನಿಲ್ಲಿ ಕೇಳಹೊರಟಿರುವುದು ನಮ್ಮದೇ ಪ್ರಶ್ನೆಯನ್ನು. 'ಜಾನಪದ' ಎಂಬ ಗೌರವದ ಮಾತಿನ ಮರೆಯಲ್ಲಿ ನಾವು ಯಾರ ಹೆಸರನ್ನು ಅಳಿಸುತ್ತ ಬಂದಿದ್ದೇವೆ? ಈ ಅಳಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಆ ತಪ್ಪೊಪ್ಪಿಗೆಯೂ ಇಲ್ಲಿದೆ.

2

ಕಾಟನ್ ಹುಟ್ಟಿದ್ದು 1893ರಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು, ಬದುಕಿನಲ್ಲಿ ಹೋಗಿರಲಿಲ್ಲ. ಅಣ್ಣನ ಬ್ಯಾಂಜೋವನ್ನು ಅವನಿಲ್ಲದಾಗ ಎತ್ತಿಕೊಂಡು ನುಡಿಸಿ ಕಲಿತಳು. ಚಿಕ್ಕ ವಯಸ್ಸಿನಲ್ಲೇ ಸ್ಕೂಲು ಬಿಟ್ಟು ಬಿಳಿಯರ ಮನೆಗೆಲಸಕ್ಕೆ ಸೇರಿದಳು. ತಿಂಗಳಿಗೆ ಒಂದು ಡಾಲರೂ ಇಲ್ಲದ ಸಂಬಳದಲ್ಲಿ ಉಳಿಸಿ 3.75 ಡಾಲರಿಗೆ ಒಂದು ಗಿಟಾರು ಕೊಂಡಳು. ಮದುವೆಯಾಯಿತು, ಮಗಳಾದಳು. ಚರ್ಚಿನವರು ಇಂಥ ಲೋಕದ ಹಾಡುಗಳನ್ನು ಬಿಡು ಅಂದರು. ಬಿಟ್ಟಳು. ಮುಂದಿನ ಹಲವು ದಶಕ ಪಾತ್ರೆ, ಬಟ್ಟೆ, ಒಲೆ.

1940ರ ದಶಕದ ಕೊನೆಗೆ ಆಕೆ ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ತಪ್ಪಿಸಿಕೊಂಡಿದ್ದ ಪುಟ್ಟ ಹುಡುಗಿಯೊಬ್ಬಳನ್ನು ತಾಯಿಗೆ ತಲುಪಿಸಿದಳು. ಆ ತಾಯಿ ಸಂಗೀತ ರಚನೆಗಾರ್ತಿ ರುತ್ ಕ್ರಾಫರ್ಡ್ ಸೀಗರ್, ಮಗು ಪೆಗಿ ಸೀಗರ್. ಅಮೆರಿಕದ ಜನಪದ ಹಾಡುಗಳನ್ನು ಸಂಗ್ರಹಿಸುವುದರಲ್ಲಿ ಹೆಸರಾದ ಮನೆತನ ಅದು. ಕಾಟನ್ ಅವರ ಮನೆಗೆಲಸದವಳಾದಳು. ಆ ಮನೆಯ ಗೋಡೆಯಲ್ಲಿ ಗಿಟಾರೊಂದು ತೂಗುಬಿದ್ದಿತ್ತು. ಒಂದು ದಿನ ಮಕ್ಕಳು ನೋಡುತ್ತಾರೆ, ಕೆಲಸದಾಕೆ ಅದನ್ನು ಎತ್ತಿಕೊಂಡು ನುಡಿಸುತ್ತಿದ್ದಾಳೆ. ಜನಪದ ಹಾಡಿಗಾಗಿ ನಾಡೆಲ್ಲ ಹುಡುಕುತ್ತಿದ್ದವರ ಅಡುಗೆಮನೆಯಲ್ಲೇ ಆ ಹಾಡು ಪಾತ್ರೆ ತೊಳೆಯುತ್ತಿತ್ತು.

ಮುಂದೆ ಪೆಗಿಯ ಅಣ್ಣ ಮೈಕ್ ಸೀಗರ್ ಆಕೆಯ ಮನೆಗೇ ಹೋಗಿ ಟೇಪಿನಲ್ಲಿ ಮುದ್ರಿಸಿಕೊಂಡ. 1958ರಲ್ಲಿ ಫೋಕ್‌ವೇಸ್ ಕಂಪನಿ ಅದನ್ನು 'ಫೋಕ್‌ಸಾಂಗ್ಸ್ ಅಂಡ್ ಇನ್‌ಸ್ಟ್ರುಮೆಂಟಲ್ಸ್ ವಿತ್ ಗಿಟಾರ್' ಎಂಬ ಹೆಸರಿನಲ್ಲಿ ಹೊರತಂದಿತು. ಆಗ ಆಕೆಗೆ 65 ವರ್ಷ. 1967ರಲ್ಲಿ ಬಂದ 'ಶೇಕ್ ಶುಗರೀ'ಯ ಶೀರ್ಷಿಕೆ ಹಾಡನ್ನು ಆಕೆ ಮರಿಮಕ್ಕಳ ಜೊತೆ ಕೂತು ಕಟ್ಟಿದ್ದಳು. ಮುದ್ರಿಕೆಯಲ್ಲಿ ಹಾಡಿರುವುದು ಹನ್ನೆರಡು ವರ್ಷದ ಮರಿಮಗಳು. 1979ರಲ್ಲಿ 'ವೆನ್ ಐ ಆಮ್ ಗಾನ್', 1983ರಲ್ಲಿ ಕಛೇರಿಗಳ ಮುದ್ರಿಕೆ 'ಲೈವ್'. ಈ ಕೊನೆಯದಕ್ಕೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಆಕೆಗೆ 92 ವರ್ಷ. 1987ರಲ್ಲಿ ತೀರಿಕೊಂಡಳು.

ಈ ಕಥೆಯನ್ನು 'ಮರುಶೋಧ' ಎಂದು ಸಂಭ್ರಮಿಸುವುದು ಸುಲಭ. ಆದರೆ ಕಳೆದುಹೋಗಿದ್ದು ಯಾರಿಗೆ? ಕಾಟನ್ ತನ್ನ ಜನರ ನಡುವೆಯೇ ಇದ್ದಳು. ನೋಡಬೇಕಾದವರಿಗೆ ಆಕೆಯ ಕೈ ಕಂಡಿತ್ತು, ಆ ಕೈಯ ಕಸುಬು ಕಂಡಿರಲಿಲ್ಲ. ಶೋಧ ಅನ್ನೋ ಮಾತು ಶೋಧಿಸಿದವನಿಗೆ ಹೆಸರು ತರುತ್ತದೆ, ಕಾಣದೇ ಇದ್ದ ಅವನ ಕಣ್ಣಿನ ಬಗ್ಗೆ ಸುಮ್ಮನಿರುತ್ತದೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಪೆಗಿ ಸೀಗರ್ 1950ರ ದಶಕದಲ್ಲಿ ಇಂಗ್ಲೆಂಡಿಗೆ ಹೋದಾಗ ಆ ರೈಲಿನ ಹಾಡನ್ನು ಅಲ್ಲಿ ಹಾಡಿದಳು. 1956ರ ಕೊನೆಗೆ ಚಾಸ್ ಮೆಕ್‌ಡೆವಿಟ್ ತಂಡ ನ್ಯಾನ್ಸಿ ವಿಸ್ಕಿಯ ದನಿಯಲ್ಲಿ ಅದನ್ನು ಮುದ್ರಿಸಿತು. ಹಾಡು ಅಲ್ಲೆಲ್ಲ ಜನಪ್ರಿಯವಾಯಿತು. ತಟ್ಟೆಯ ಮೇಲೆ ರಚನೆಕಾರರೆಂದು ಅಚ್ಚಾಗಿದ್ದು ಬೇರೆ ಇಬ್ಬರ ಹೆಸರು! ಆಮೇಲೆ ಕಾನೂನಿನ ದಾರಿಯಲ್ಲಿ ಹೋಗಿ ಆಕೆಯ ಹೆಸರನ್ನು ಸೇರಿಸಬೇಕಾಯಿತು. ಯಾಕೆ ಹೀಗಾಯಿತು? ಅದು 'ಫೋಕ್', ಅಂದರೆ ಜನಪದ. ಜನಪದ ಅಂದರೆ ಯಾರದೂ ಅಲ್ಲ. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ತಗೋಬಹುದು. ಬಗರ್ ಹುಕುಂ ಜಮೀನಿನ ಕಥೆ ಬಲ್ಲ ನಮಗೆ ಈ ತರ್ಕ ಹೊಸದಲ್ಲ. ಬಡವ ಉತ್ತರೆ ಅದು ಒತ್ತುವರಿ, ಬಲ್ಲಿದ ಬೇಲಿ ಹಾಕಿದರೆ ಅದು ತೋಟ.

3

ಕಪ್ಪುಜನರನ್ನೂ ದಲಿತರನ್ನೂ ಜೊತೆಯಲ್ಲಿಟ್ಟು ಮಾತಾಡುವುದು ನಮ್ಮ ಚಳುವಳಿಗೆ 1970ರ ದಶಕದಿಂದ ರೂಢಿ. ಆ ಬಂಧುತ್ವ ನಮಗೆ ಬಲ ಕೊಟ್ಟಿದೆ. ಆದರೆ ವ್ಯತ್ಯಾಸವನ್ನು ಮರೆತರೆ ವಿಮರ್ಶೆ ಘೋಷಣೆಯಾಗುತ್ತದೆ. ಅಮೆರಿಕದ ಬಿಳಿಯ ಯಜಮಾನ ಕಪ್ಪು ಹೆಂಗಸನ್ನು ತನ್ನ ಮೇಜಿಗೆ ಕರೆಯಲಿಲ್ಲ, ಒಲೆಯ ಹತ್ತಿರ ಬಿಟ್ಟುಕೊಂಡ. ಅವಳು ಬೇಯಿಸಿದ್ದನ್ನು ಉಂಡ. ನಮ್ಮ ಗುಡ್ಡಗಾಡಿನಲ್ಲಿ ನನ್ನ ಅವ್ವ ತೋಟದ ಮನೆಯ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ಬೆಳಗಿ ಬೋರಲು ಹಾಕಿ ಬರುತ್ತಿದ್ದಳು. ಆಮೇಲೆ ಒಳಗಿನವರು ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಆ ಮನೆಯ ನಡುಮನೆಯಲ್ಲಿ ಹಾರ್ಮೋನಿಯಂ ಇತ್ತಂತೆ. ಅವ್ವ ಅದರ ದನಿ ಕೇಳಿದ್ದಾಳೆ, ಅದನ್ನು ಕಣ್ಣಲ್ಲಿ ಕಂಡಿಲ್ಲ. ಸೀಗರ್ ಮನೆಯ ಗೋಡೆಯ ಗಿಟಾರಿಗೂ ಕಾಟನ್ನಳ ಕೈಗೂ ನಡುವೆ ಇದ್ದದ್ದು ಬಡತನ ಮತ್ತು ಬಣ್ಣ. ಆ ಹಾರ್ಮೋನಿಯಮ್ಮಿಗೂ ಅವ್ವನ ಕೈಗೂ ನಡುವೆ ಹೊಸಿಲೊಂದಿತ್ತು. ವಾದ್ಯವನ್ನು ಮುಟ್ಟುವ ಮೊದಲು ಮನೆಯನ್ನು ಮುಟ್ಟಬೇಕು.

ಹಾಗಂತ ನಮಗೆ ವಾದ್ಯವೇ ಇರಲಿಲ್ಲವೇ? ತಮಟೆ ಇತ್ತು. ಸುಗ್ಗಿಗೂ ಸಾವಿಗೂ ನಮ್ಮ ಕೇರಿಯವರೇ ಬಡಿಯಬೇಕಿತ್ತು. ಅದು ಚಾಕರಿ. ಬಡಿಯುವವನನ್ನು ಕಲಾವಿದ ಎಂದು ಯಾರೂ ಕರೆಯಲಿಲ್ಲ. ತಮಟೆಯನ್ನು ಚಾಕರಿಯಿಂದ ಬಿಡಿಸಿ ಮೆರವಣಿಗೆಯ ಮುಂದಕ್ಕೆ ತಂದದ್ದು ದಲಿತ ಚಳುವಳಿ.

4

ನಮ್ಮ ಸೀಮೆಯ ಲಿಖಿತ ಚರಿತ್ರೆಯಲ್ಲಿ ನಾವು ಹೇಗೆ ಕಾಣಿಸುತ್ತೇವೆ ನೋಡಿ. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1871ರಲ್ಲಿ ತನ್ನ ಅನುಭವಗಳ ಪುಸ್ತಕ ತಂದ. ಅದರಲ್ಲಿ ಕೂಲಿಗಳಿದ್ದಾರೆ, ಜಾತಿಯ ಚರ್ಚೆಯೂ ಇದೆ. ಹಾಸನ ಸೀಮೆಯ ಹೊಲೆಯರ ಬಗ್ಗೆ ಕ್ಯಾಪ್ಟನ್ ಮೆಕೆಂಜಿ 1873ರಲ್ಲಿ ಬರೆದ ಟಿಪ್ಪಣಿಯನ್ನು ಬಾಬಾಸಾಹೇಬರು 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಎತ್ತಿಕೊಂಡಿದ್ದಾರೆ. ಬ್ರಾಹ್ಮಣನೊಬ್ಬ ಹೊಲಗೇರಿಗೆ ಕಾಲಿಟ್ಟರೆ ಅದು ಕೇರಿಗೆ ಕೇಡೆಂದು ನಂಬಿ ನಮ್ಮವರು ಒಟ್ಟಾಗಿ ಬಂದು ಅವನನ್ನು ಚಪ್ಪಲಿಯಿಂದ ಹೊಡೆದಟ್ಟುತ್ತಿದ್ದರಂತೆ. ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಈ ಬರಹಗಳಲ್ಲೆಲ್ಲ ನಾವು ಗುಂಪು. ಜಾತಿ ಇದೆ, ಹೆಸರಿಲ್ಲ.

ಜಾನಪದ ಸಂಗ್ರಹಗಳೂ ಈ ಜಾಡನ್ನು ಪೂರ್ತಿ ಬಿಡಲಿಲ್ಲ. 1931ರ 'ಗರತಿಯ ಹಾಡು' ಕನ್ನಡಕ್ಕೆ ದೊಡ್ಡ ಕೊಡುಗೆ. ಹಲಸಂಗಿ ಗೆಳೆಯರ ಋಣ ನಮ್ಮ ಮೇಲಿದೆ. ಆದರೆ ಸಾಹಿತ್ಯ ಚರಿತ್ರೆಯಲ್ಲಿ ಆ ಗೆಳೆಯರ ಹೆಸರು ಉಳಿಯಿತು, ಹಾಡಿದ ಹೆಂಗಸರು 'ಗರತಿ' ಎಂಬ ಒಂದೇ ಮಾತಾಗಿ ಉಳಿದರು. ನಮ್ಮ ಸಕಲೇಶಪುರದವರೇ ಆದ ಎಸ್.ಕೆ. ಕರೀಂಖಾನ್ ಸ್ವಾತಂತ್ರ್ಯ ಹೋರಾಟಗಾರರು, 'ಸ್ವರ್ಣಗೌರಿ' (1962) ಚಿತ್ರಕ್ಕೆ ಹಾಡು ಬರೆದವರು, ಜನಪದ ಹಾಡುಗಳನ್ನು ಸಂಗ್ರಹಿಸಿ ಹಾಡಿದವರು. 2006ರಲ್ಲಿ ತೀರಿಕೊಂಡರು. ಅವರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ನೆನೆಯಬೇಕು ಕೂಡ. ಆದರೆ ಅವರಂಥ ಸಂಗ್ರಾಹಕರಿಗೆ ಹಾಡು ಕೊಟ್ಟ ಬಾಯಿಗಳು ಯಾವುವು?

ಬೇರೆಯ ದಾರಿಯೂ ಇದೆ. ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡಾಗ ನಾಡು ಆಕೆಯನ್ನು ಹೆಸರು ಹಿಡಿದು ನೆನೆಯಿತು. ಆದರೂ ಈರಮ್ಮನನ್ನು ನಾವು ಹೊಗಳಿದ್ದು ಆಕೆಯ ನೆನಪಿನ ಶಕ್ತಿಗಾಗಿ. ಕಾವ್ಯಗಳನ್ನು ಆಕೆ 'ಉಳಿಸಿಕೊಂಡಿದ್ದಳು' ಎಂದೆವು. ಕಟ್ಟಿದಳು ಎನ್ನಲಿಲ್ಲ. ನೆನಪು ನಮ್ಮವರಿಗೆ, ಪ್ರತಿಭೆ ಇನ್ನೊಬ್ಬರಿಗೆ!

ಚಳುವಳಿಯ ಒಳಗೂ ಈ ಪ್ರಶ್ನೆ ಕೇಳಿಕೊಳ್ಳಬೇಕು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನ್ನಿ ಇಂಥವರ ದನಿಯಲ್ಲಿ ಹೋರಾಟದ ಹಾಡುಗಳು ಊರೂರು ಸುತ್ತಿದವು. ಈ ಹೆಸರುಗಳು ನಮಗೆ ಗೊತ್ತು. ಅವರ ಹಿಂದೆ ನಿಂತು ಸೊಲ್ಲು ಎತ್ತಿಕೊಟ್ಟ ಹೆಂಗಸರ ಹೆಸರು? 'ಸಂಗಡಿಗರು' ಎಂಬ ಒಂದು ಪದ.

ಈಗ ನನ್ನ ತಪ್ಪು. ಎಂ.ಎ. ಓದುವಾಗ ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಫಿ ಕುಯ್ಲಿನ ಹಾಡುಗಳ ಮೇಲೆ ಸಂಪ್ರಬಂಧ ಬರೆದೆ. ಹಾಡಿದವರಲ್ಲಿ ಅವ್ವನೂ ಒಬ್ಬಳು. ಕೊನೆಯ ಪುಟದ ಪಟ್ಟಿಯಲ್ಲಿ 'ವಕ್ತೃ' ಎಂದು ಹಾಕಿ ಹೆಸರು, ವಯಸ್ಸು, ಜಾತಿ, ಅನಕ್ಷರಸ್ಥೆ ಎಂದು ತುಂಬಿದೆ. ಹಾಡಿನ ಕೆಳಗೆ 'ಕರ್ತೃ ಅಜ್ಞಾತ' ಎಂದು ಬರೆದೆ. ಒಳ್ಳೆಯ ಅಂಕ ಬಂತು. ಕಾಟನ್ನಳ ಕಥೆ ತಿಳಿದ ಮೇಲೆ ಒಂದು ಸಂಜೆ ಮೊಬೈಲಿನಲ್ಲಿ ಅವ್ವನಿಗೆ ಆ ರೈಲಿನ ಹಾಡು ಕೇಳಿಸಿದೆ. ಅದನ್ನು ಬೇರೆಯವರು ತಮ್ಮದೆಂದು ಹಾಕಿಕೊಂಡಿದ್ದನ್ನೂ ಹೇಳಿದೆ. ಆಮೇಲೆ ಯಾಕೋ ಸಂಪ್ರಬಂಧ ತೆಗೆದು, ರೈಟರು ಹಣ್ಣಿನ ಚೀಲ ತೂಗುವಾಗ ಮುಳ್ಳು ಹೇಗೆ ಬಡವರ ಕಡೆಗೆ ಮಾತ್ರ ಬಾಗೋದಿಲ್ಲ ಎಂದು ಹಂಗಿಸುವ ಹಾಡನ್ನು ಓದಿದೆ. ಅವ್ವ ಕೇಳಿದಳು:

"ಅದರ ಕೆಳಗೆ ಏನ್ ಬರ್ದಿದ್ದೀಯ ಮಗ?"

"ಯಾರು ಕಟ್ಟಿದ್ದು ಅಂತ ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅಂದ್ರೆ? ನಾನೇ ಅಲ್ವ ಕಟ್ಟಿದ್ದು. ಆ ವರ್ಸ ತೂಕದ ಗಲಾಟೆ ಆಯ್ತಲ್ಲ, ಆವಾಗ. ನೀನು ಕೇಳ್ಲೇ ಇಲ್ಲ."

ನಾನು ಕೇಳಿರಲಿಲ್ಲ. ಸ್ವಂತ ಮಗನಾಗಿ, ದಲಿತನಾಗಿ, ಓದಿದವನಾಗಿ ಕೇಳಿರಲಿಲ್ಲ. ಕೂಲಿ ಹೆಂಗಸು ಹಾಡುತ್ತಾಳೆ, ಕಟ್ಟುವುದಿಲ್ಲ ಎಂಬುದು ನನ್ನ ಶಿಸ್ತು ನನಗೆ ಕಲಿಸಿದ ಮೊದಲ ಪಾಠವಾಗಿತ್ತು.

5

ಕಾಟನ್ ಎಡಚಿ. ಆಕೆಗೆ ಸಿಕ್ಕಿದ್ದು ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರು. ಆಕೆ ತಂತಿ ಬದಲಿಸಲಿಲ್ಲ, ವಾದ್ಯವನ್ನೇ ತಿರುವಿ ಹಿಡಿದಳು. ದಪ್ಪ ತಂತಿಗಳು ಕೆಳಗೆ ಬಂದವು, ಸಣ್ಣವು ಮೇಲಕ್ಕೆ ಹೋದವು. ಎಲ್ಲರೂ ಹೆಬ್ಬೆರಳಿನಿಂದ ನುಡಿಸುವ ಮಂದ್ರದ ತಂತಿಗಳನ್ನು ಈಕೆ ಬೆರಳುಗಳಿಂದ ಮೀಟಿದಳು, ರಾಗವನ್ನು ಹೆಬ್ಬೆರಳಿಗೆ ಕೊಟ್ಟಳು. ಇವತ್ತು ಗಿಟಾರು ಕಲಿಯುವವರು ಇದನ್ನು ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.

ನಮ್ಮಲ್ಲಿ ಎಡಗೈ ಎಂದರೆ ಮೈಲಿಗೆಯ ಕೈ. ಎಡಗೈ ಬಲಗೈ ಎಂಬ ಒಡಕು ನಮ್ಮ ಕೇರಿಗಳನ್ನೇ ಸೀಳಿ ನಿಲ್ಲಿಸಿದೆ. ಹಾಗಾಗಿ ಈ ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ನಾಡು ಹೊತ್ತಿ ಉರಿಯಿತು. ಅವರ ಸಿಟ್ಟಿನ ಹಿಂದಿದ್ದ ಸತ್ಯ ಇಷ್ಟೇ: ಈ ವಾದ್ಯಕ್ಕೆ ತಂತಿ ಕಟ್ಟಿದ್ದು ನಮ್ಮ ಕೈಗಾಗಿ ಅಲ್ಲ. ಅದೇ ವರ್ಷ 'ದ್ಯಾವನೂರು' ತಂದ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಬರೆದರು. ವಿಮರ್ಶಕರು ಹೊಸ ಭಾಷೆ ಎಂದರು. ಹೊಸದೇನಲ್ಲ, ಅವೇ ತಂತಿಗಳು. ತಿರುವಿ ಹಿಡಿದದ್ದರಿಂದ ಕೆಳಗಿನ ದನಿ ಮೇಲಕ್ಕೆ ಬಂತು. ದಲಿತ ವಿಮರ್ಶೆ ಇಂಥ ಕೃತಿಯ ಮುಂದೆ ಕೂತಾಗ ಅದನ್ನು ಮತ್ತೆ ಬಲಗೈಗೆ ಹೊಂದಿಸಿ ಓದುವ ಆಸೆಯನ್ನು ಬಿಡಬೇಕು. ಜೊತೆಗೆ ಓದು ಬರಹ ಇಲ್ಲದವರ ಹಾಡಿನ ಮುಂದೆಯೂ ಇದೇ ಎಚ್ಚರದಲ್ಲಿ ಕೂರಬೇಕು.

ಮೈಕ್ ಸೀಗರ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವನು ಕಾಟನ್ನಳ ಹಾಡನ್ನು ತನ್ನ ಸಂಗ್ರಹದಲ್ಲಿ ಒಂದು ಮಾಡಿಕೊಳ್ಳಲಿಲ್ಲ. ತಟ್ಟೆಯ ಮೇಲೆ ಆಕೆಯ ಹೆಸರಿತ್ತು, ಆಮೇಲೆ ವೇದಿಕೆಯ ಮೇಲೆ ಆಕೆಯೇ ಇದ್ದಳು. ಮನೆಗೆಲಸದವಳ ಹೆಸರಿನಲ್ಲಿ ಒಂದಿಡೀ ಧ್ವನಿಮುದ್ರಿಕೆ ಬರುವುದು ಸಣ್ಣ ಸಂಗತಿಯಲ್ಲ. ಸಮುದಾಯದ ಹಾಡು ಎನ್ನುತ್ತಲೇ ಒಬ್ಬಳ ಸಹಿಯನ್ನು ಒಪ್ಪಿಕೊಳ್ಳಲು ಬರುತ್ತದೆ.

ಈ ವರ್ಷ ನನ್ನ ವಿದ್ಯಾರ್ಥಿಗಳು ತಮ್ಮ ಅಜ್ಜಿ, ಅವ್ವಂದಿರ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾರೆ. ಹೆಚ್ಚಿನವರು ತೋಟದ ಲೈನಿನ ಮಕ್ಕಳು. ವಕ್ತೃ ಎಂಬ ಕಲಮನ್ನು ತೆಗೆದು ಹಾಕಿದ್ದೇವೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಇದನ್ನ ಕಟ್ಟಿದ್ದು ಯಾರವ್ವ?" ಕೆಲವರು ಗೊತ್ತಿಲ್ಲ ಅಂತಾರೆ. ಕೆಲವರು ಸತ್ತುಹೋದ ಗೆಳತಿಯ ಹೆಸರು ಹೇಳ್ತಾರೆ. ಕೆಲವರು ನಾಚಿಕೊಂಡು ಸುಮ್ಮನಾಗ್ತಾರೆ. ಆ ಸುಮ್ಮನಾಗುವವರ ಹತ್ತಿರ ಇನ್ನೊಂದು ಸಲ ಹೋಗಿ ಬನ್ನಿ ಎಂದು ಹುಡುಗರಿಗೆ ಹೇಳಿದ್ದೇನೆ. ನನ್ನ ಸಂಪ್ರಬಂಧದ ಪ್ರತಿಯಲ್ಲಿ 'ಅಜ್ಞಾತ' ಎಂಬುದನ್ನು ಹೊಡೆದು ಅವ್ವನ ಹೆಸರು ಬರೆದಿದ್ದೇನೆ. ಲೈಬ್ರರಿಯಲ್ಲಿರುವ ಪ್ರತಿಯಲ್ಲಿ ಅದು ಇನ್ನೂ ಹಾಗೇ ಇದೆ.