ತಗಡಿನ ಬಟ್ಟಲು ಮತ್ತು ಮತಪೆಟ್ಟಿಗೆ: ಅಮೆರಿಕದ ಸುಂಕ–ಬೆಲೆ ವಾಗ್ವಾದ, 1890–1913

1890ರ ಚುನಾವಣೆಯ ಹೊತ್ತಿಗೆ ಅಮೆರಿಕದ ಒಹಾಯೊ ರಾಜ್ಯದ ಹಳ್ಳಿಗಳಲ್ಲಿ ತಗಡಿನ ಪಾತ್ರೆ ಮಾರುವವರು ಮನೆಮನೆಗೆ ಬರತೊಡಗಿದರು. 5 ಸೆಂಟಿನ ಬಟ್ಟಲಿಗೆ 25, 50 ಸೆಂಟು ಕೇಳುತ್ತಿದ್ದರು. ಯಾಕಿಷ್ಟು ದುಬಾರಿ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: ಮೆಕಿನ್ಲಿ ಸುಂಕ. ಪಾತ್ರೆ ಖರ್ಚಾಗದಿದ್ದರೂ ಇವರಿಗೆ ನಷ್ಟವಿರಲಿಲ್ಲ. ಕೂಲಿ ಕೊಟ್ಟು ಕಳಿಸಿದ್ದು ಡೆಮಾಕ್ರಟಿಕ್ ಪಕ್ಷ ಎಂದು ಆ ಚುನಾವಣೆಯ ಚರಿತ್ರೆ ಬರೆದವರು ಹೇಳುತ್ತಾರೆ. ವಿಲಿಯಂ ಮೆಕಿನ್ಲಿ ಆ ಪ್ರದೇಶದ ರಿಪಬ್ಲಿಕನ್ ಪ್ರತಿನಿಧಿ, ಈ ಆಮದು ಸುಂಕದ ಕಾಯ್ದೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷ.

ಇಲ್ಲಿ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾಯ್ದೆಗೆ ಸಹಿ ಹಾಕಿದ್ದು ಅಕ್ಟೋಬರ್ 1ರಂದು. ಮತದಾನ ನಡೆದದ್ದು ನವೆಂಬರ್ 4ರಂದು. ತವರ ಲೇಪಿಸಿದ ತಗಡಿನ ಮೇಲಿನ ಸುಂಕ ಪೌಂಡಿಗೆ 1 ಸೆಂಟಿನಿಂದ 2.2 ಸೆಂಟಿಗೆ ಏರಿದ್ದು ಮರುವರ್ಷ ಜುಲೈ 1ರಿಂದ. ಅಂದರೆ ಒಹಾಯೊದ ಗೃಹಿಣಿಯ ಬಟ್ಟಲಿಗೆ ಇನ್ನೂ ಜಾರಿಗೇ ಬಾರದ ಸುಂಕದ ಹೆಸರಿನಲ್ಲಿ ಬೆಲೆ ಕಟ್ಟಲಾಗಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಗಾದೆ. ಒಹಾಯೊದವರು ಸುಂಕದವನು ಬರುವ ಮೊದಲೇ ಮತಪೆಟ್ಟಿಗೆಯ ಮುಂದೆ ಹೇಳಿಕೊಂಡರು. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರ ಸ್ಥಾನಗಳು ಅರ್ಧಕ್ಕೆ ಕುಸಿದವು. ಸುಮಾರು 300 ಮತಗಳ ಅಂತರದಲ್ಲಿ ಮೆಕಿನ್ಲಿಯೂ ಸೋತರು.

ಈ ಸೋಲನ್ನೆಲ್ಲ ಸುಂಕದ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಒಹಾಯೊದ ಡೆಮಾಕ್ರಟಿಕ್ ಶಾಸನಸಭೆ ಮೆಕಿನ್ಲಿಯ ಕ್ಷೇತ್ರದ ಗಡಿಯನ್ನೇ ತಮಗೆ ಬೇಕಾದಂತೆ ಬದಲಿಸಿತ್ತು. ವಿಸ್ಕಾನ್ಸಿನ್‌ನಲ್ಲಿ ಜರ್ಮನ್ ಮೂಲದ ಮತದಾರರು ಸಿಟ್ಟಾಗಿದ್ದು ಶಾಲೆಗಳಲ್ಲಿ ಇಂಗ್ಲಿಷ್ ಕಡ್ಡಾಯ ಮಾಡಿದ ಬೆನೆಟ್ ಕಾಯ್ದೆಯ ಮೇಲೆ. ಪಶ್ಚಿಮದ ರೈತರದು ಬೇರೆಯೇ ಗೋಳು: ಬೆಳೆಗೆ ಬೆಲೆಯಿಲ್ಲ. ನನಗೆ ಹೆಚ್ಚು ಕುತೂಹಲದ ಸಂಗತಿ ಇದು. 1873ರಿಂದ 1896ರವರೆಗೆ ಅಮೆರಿಕದಲ್ಲಿ ಬೆಲೆಗಳ ಒಟ್ಟು ಮಟ್ಟ ಇಳಿಯುತ್ತಲೇ ಇತ್ತು. ದುಬಾರಿಯಾಯಿತೆಂಬ ಕೂಗು ಎದ್ದದ್ದು ಅಗ್ಗದ ಕಾಲದಲ್ಲಿ!

ಇದರಲ್ಲಿ ವಿರೋಧಾಭಾಸ ಕಾಣುವುದು 'ಬೆಲೆ' ಎಂಬ ಒಂದೇ ಪದಕ್ಕೆ ಎರಡು ಅರ್ಥವಿದ್ದುದರಿಂದ. ತಗಡಿನ ಬೆಲೆ, ಉಣ್ಣೆಬಟ್ಟೆಯ ಬೆಲೆ, ಸಕ್ಕರೆಯ ಬೆಲೆ ಒಂದು ಬಗೆ. ಇವು ಸುಂಕ ನೇರವಾಗಿ ತಗುಲುವಂಥವು, ಒಮ್ಮೆ ಏರಿ ಆ ಮಟ್ಟದಲ್ಲಿ ನಿಲ್ಲುವಂಥವು. ಎಲ್ಲ ಪದಾರ್ಥಗಳ ಬೆಲೆಯೂ ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುವುದು ಇನ್ನೊಂದು. ಇಂದು ನಾವು ಹಣದುಬ್ಬರ ಎನ್ನುವುದು ಇದನ್ನು. ಎರಡೂ ಪಕ್ಷಗಳು ತಮಗೆ ಅನುಕೂಲವಾದಾಗ ಒಂದರಿಂದ ಇನ್ನೊಂದಕ್ಕೆ ಜಾರುತ್ತಿದ್ದವು. ಡೆಮಾಕ್ರಟರು ಬಟ್ಟಲನ್ನು ತೋರಿಸಿ ಬದುಕೇ ದುಬಾರಿ ಎಂದರು. ರಿಪಬ್ಲಿಕನ್ನರು ಸಕ್ಕರೆಯನ್ನು ತೋರಿಸಿದರು: ಅದೇ ಮೆಕಿನ್ಲಿ ಕಾಯ್ದೆ ಕಚ್ಚಾ ಸಕ್ಕರೆಯ ಸುಂಕವನ್ನು ತೆಗೆದುಹಾಕಿ, ದೇಶದೊಳಗಿನ ಬೆಳೆಗಾರರಿಗೆ ಪೌಂಡಿಗೆ 2 ಸೆಂಟು ಸಹಾಯಧನ ಕೊಟ್ಟಿತ್ತು. 1891ರಲ್ಲಿ ಸಕ್ಕರೆ ಅಗ್ಗವಾಯಿತು. ಸುಂಕದಿಂದ ಬೆಲೆ ಏರದು ಎನ್ನುತ್ತಿದ್ದ ಪಕ್ಷವೇ ಸುಂಕ ತೆಗೆದು ಬೆಲೆ ಇಳಿಸಿದೆವೆಂದು ಜಂಭ ಕೊಚ್ಚಿಕೊಂಡಿತು. ಈ ಇಕ್ಕಟ್ಟನ್ನು ಅದರ ಭಾಷಣಕಾರರು ಗಮನಿಸಿದಂತೆ ಕಾಣುವುದಿಲ್ಲ.

ತಗಡಿನ ಕಥೆ ಮುಂದೇನಾಯಿತು? ಅಲ್ಲಿಯವರೆಗೆ ಅಮೆರಿಕದ ತಗಡೆಲ್ಲ ಹೆಚ್ಚುಕಡಿಮೆ ವೇಲ್ಸ್‌ನ ಸ್ವಾನ್‌ಸೀ, ಲನೆತ್ಲಿ ಕಡೆಯ ಗಿರಣಿಗಳಿಂದ ಬರುತ್ತಿತ್ತು. ಸುಂಕ ಏರಿದ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲೇ ಗಿರಣಿಗಳು ಎದ್ದವು, ವೇಲ್ಸ್‌ನ ಕುಶಲ ಕೆಲಸಗಾರರು ಅಟ್ಲಾಂಟಿಕ್ ದಾಟಿದರು. ರಿಪಬ್ಲಿಕನ್ನರಿಗೆ ಇದು ಗೆಲುವಿನ ಸಾಕ್ಷಿ. ಇತ್ತೀಚೆಗೆ ಅರ್ಥಶಾಸ್ತ್ರದ ಇತಿಹಾಸಕಾರ ಡಗ್ಲಸ್ ಇರ್ವಿನ್ ಲೆಕ್ಕ ಹಾಕಿದಾಗ ಕಂಡದ್ದು ಬೇರೆ: ಸುಂಕವಿಲ್ಲದಿದ್ದರೂ ಆ ಉದ್ಯಮ ಸುಮಾರು ಹತ್ತು ವರ್ಷ ತಡವಾಗಿ ಬಂದೇ ಬರುತ್ತಿತ್ತು, ಬೇಗ ತಂದದ್ದರ ಲಾಭಕ್ಕಿಂತ ಬಳಕೆದಾರರು ತೆತ್ತದ್ದೇ ಹೆಚ್ಚು. ಹಾಗಾಗಿ ಆ ಪಾತ್ರೆ ಮಾರುವವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬೆಲೆಯನ್ನು ಮಾತ್ರ ಮನಸ್ಸಿಗೆ ಬಂದಷ್ಟು ಹೇಳಿದರು.

ವಾಗ್ವಾದದ ಎರಡನೆಯ ಸುತ್ತು ಮೊದಲ ಸುತ್ತಿನ ಅಗ್ಗದ ಕಾಲಕ್ಕೆ ತದ್ವಿರುದ್ಧವಾದ ವಾತಾವರಣದಲ್ಲಿ ನಡೆಯಿತು. 1897ರಲ್ಲಿ, ಮೆಕಿನ್ಲಿ ಅಧ್ಯಕ್ಷರಾಗಿದ್ದಾಗ, ಡಿಂಗ್ಲಿ ಕಾಯ್ದೆ ಸುಂಕಗಳನ್ನು ಮತ್ತೆ ಮೇಲಕ್ಕೆತ್ತಿತು. ಸುಮಾರು ಅದೇ ಹೊತ್ತಿಗೆ ಬೆಲೆಗಳೂ ಏರತೊಡಗಿ, 1913ರ ವೇಳೆಗೆ ಸಗಟು ಬೆಲೆಗಳು 1896ರ ಒಂದೂವರೆ ಪಟ್ಟಾದವು. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವುದು ಸುಲಭವಾಗಿತ್ತು. 1909ರ ಪೇನ್–ಆಲ್ಡ್ರಿಚ್ ಕಾಯ್ದೆ ಸುಂಕ ಇಳಿಸುವುದೆಂದು ನಂಬಿದ್ದವರಿಗೆ ನಿರಾಸೆಯಾಯಿತು. 1910ರ ಜನವರಿಯಲ್ಲಿ ಒಹಾಯೊದ್ದೇ ಆದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನ ದುಬಾರಿ ಮಾಂಸದ ಬಹಿಷ್ಕಾರಕ್ಕಿಳಿದರು.

ಆ ವರ್ಷ ಸೆನೆಟ್ ಕೂಲಿ ಮತ್ತು ಬೆಲೆಗಳ ವಿಚಾರಣೆಗೆ ಹೆನ್ರಿ ಕ್ಯಾಬಟ್ ಲಾಜ್ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಅಂಕಿಅಂಶಗಳ ರಾಶಿ ಎರಡೂ ಬಣಗಳ ಮುಂದಿತ್ತು. ಬಹುಮತದ ರಿಪಬ್ಲಿಕನ್ ಸದಸ್ಯರಿಗೆ ಸುಂಕ ಗಣನೀಯ ಕಾರಣವಾಗಿ ಕಾಣಲಿಲ್ಲ; ಅಲ್ಪಮತದ ಡೆಮಾಕ್ರಟರಿಗೆ ಅದೇ ಮುಖ್ಯ ಕಾರಣ, ಅದರ ಮರೆಯಲ್ಲಿ ಬೆಳೆದ ಟ್ರಸ್ಟ್ ಎಂಬ ಏಕಸ್ವಾಮ್ಯ ಕೂಟಗಳು ಅದರ ಜೊತೆಗಾರರು. ಮಾಂಸದ ಮಟ್ಟಿಗೆ ಬಹುಮತದವರ ವಾದವೇ ಗಟ್ಟಿಯೆಂದು ನನ್ನ ಎಣಿಕೆ. ಮಾಂಸವನ್ನೂ ಗೋಧಿಯನ್ನೂ ಅಮೆರಿಕ ಆಗ ರಫ್ತು ಮಾಡುತ್ತಿತ್ತು; ಹೊರಗೆ ಕಳಿಸುವ ವಸ್ತುವಿನ ಆಮದಿಗೆ ಎಷ್ಟು ಸುಂಕ ಹಾಕಿದರೂ ಒಳಗಿನ ಬೆಲೆ ಅಷ್ಟಾಗಿ ಏರದು. ಉಣ್ಣೆಬಟ್ಟೆಯ ವಿಷಯದಲ್ಲಿ ಅದೇ ಮಾತು ನಿಲ್ಲುವುದಿಲ್ಲ. ಮತದಾರರು ಇಷ್ಟೆಲ್ಲ ಬಿಡಿಸಿ ನೋಡಲಿಲ್ಲ. 1910ರಲ್ಲಿ ಪ್ರತಿನಿಧಿ ಸಭೆ, 1912ರಲ್ಲಿ ಅಧ್ಯಕ್ಷ ಪದವಿ ಡೆಮಾಕ್ರಟರ ಪಾಲಾದವು. ವುಡ್ರೋ ವಿಲ್ಸನ್ 1913ರ ಅಕ್ಟೋಬರ್ 3ರಂದು ಸಹಿ ಹಾಕಿದ ಅಂಡರ್‌ವುಡ್ ಕಾಯ್ದೆ ಸುಂಕಗಳನ್ನು ಗಣನೀಯವಾಗಿ ಇಳಿಸಿ, ಆ ಕೊರತೆ ತುಂಬಲು ಆದಾಯ ತೆರಿಗೆ ತಂದಿತು. ಬದುಕು ಅಗ್ಗವಾಗುವುದೋ ಎಂದು ಒರೆಹಚ್ಚಲು ಸಿಕ್ಕ ಕಾಲ ಹತ್ತು ತಿಂಗಳು. ಅಷ್ಟರಲ್ಲಿ ಯುರೋಪಿನ ಯುದ್ಧ ಎಲ್ಲ ಲೆಕ್ಕವನ್ನೂ ಕಲಕಿತು.

ಅಮೆರಿಕದ ಗಡಿ ದಾಟಿ ನೋಡಿದರೆ ವಾದದ ಆಕಾರವೇ ಬದಲಾಗುತ್ತದೆ. ಮುಕ್ತ ವ್ಯಾಪಾರದ ಬ್ರಿಟನ್ನಿನಲ್ಲೂ ಅದೇ ವರ್ಷಗಳಲ್ಲಿ ಬೆಲೆ ಏರಿತು. ಅಲ್ಲಿ ಜೋಸೆಫ್ ಚೇಂಬರ್ಲಿನ್ ವಿದೇಶಿ ಧಾನ್ಯಕ್ಕೆ ಸಣ್ಣ ಸುಂಕ ಹಾಕಬೇಕೆಂದು 1903ರಲ್ಲಿ ಪ್ರಚಾರಕ್ಕಿಳಿದಾಗ, ಎದುರಾಳಿಗಳು ದೊಡ್ಡ ಬ್ರೆಡ್ಡು–ಚಿಕ್ಕ ಬ್ರೆಡ್ಡಿನ ಚಿತ್ರ ಬಿಡಿಸಿ 1906ರ ಚುನಾವಣೆ ಗೆದ್ದರು. ಇಷ್ಟು ಭಿನ್ನ ಸುಂಕನೀತಿಯ ದೇಶಗಳಲ್ಲಿ ಒಟ್ಟಿಗೇ ಏರಿದ ಬೆಲೆಗೆ ಎಲ್ಲರಿಗೂ ಸಾಮಾನ್ಯವಾದ ಕಾರಣ ಬೇಕು. ಅರ್ವಿಂಗ್ ಫಿಶರ್‌ರಂಥ ಅರ್ಥಶಾಸ್ತ್ರಜ್ಞರು ಬೊಟ್ಟುಮಾಡಿದ್ದು ಚಿನ್ನದತ್ತ: ದಕ್ಷಿಣ ಆಫ್ರಿಕದ ಗಣಿಗಳು, ಅದಿರಿನಿಂದ ಚಿನ್ನ ತೆಗೆಯುವ ಸಯನೈಡ್ ವಿಧಾನ, ಚಿನ್ನಕ್ಕೆ ಕಟ್ಟಿಹಾಕಿದ್ದರಿಂದ ಚಿನ್ನದ ಜೊತೆಗೇ ಹೆಚ್ಚುತ್ತಿದ್ದ ನಾಣ್ಯಗಳು. ಆ ಹೊಳೆಗೆ ಮೈಸೂರು ಸಂಸ್ಥಾನದ ಕೋಲಾರದ್ದೂ ಒಂದು ಸಣ್ಣ ತೊರೆಯಿತ್ತು.

ಭಾರತದ ಸಾಮಾನ್ಯ ಆಮದು ಸುಂಕ 1894ರಿಂದ ಶೇ. 5 ಮಾತ್ರ, ಹತ್ತಿಬಟ್ಟೆಗೆ 1896ರಿಂದ ಶೇ. 3.5. ಇಲ್ಲೂ ಬೆಲೆ ಏರಿತು, ಇಲ್ಲೂ ರಾಜಕೀಯ ಜಗಳವೆದ್ದಿತು. ಸುಂಕವನ್ನು ದೂರುವಂತಿರಲಿಲ್ಲವಾದ್ದರಿಂದ ಗೋಪಾಲಕೃಷ್ಣ ಗೋಖಲೆ 1908ರ ಬಜೆಟ್ ಚರ್ಚೆಯಲ್ಲಿ ಟಂಕಸಾಲೆಯನ್ನು ಹಿಡಿದರು: ಸರ್ಕಾರ ಮಿತಿಮೀರಿ ರೂಪಾಯಿ ಅಚ್ಚು ಹಾಕುತ್ತಿದೆ ಎಂಬುದು ಅವರ ಆಕ್ಷೇಪ. 1910ರಲ್ಲಿ, ಲಾಜ್ ಸಮಿತಿ ಕೂತ ವರ್ಷವೇ, ಭಾರತ ಸರ್ಕಾರ ಕೆ.ಎಲ್. ದತ್ತರಿಗೆ ಬೆಲೆಯೇರಿಕೆಯ ವಿಚಾರಣೆಯನ್ನು ಒಪ್ಪಿಸಿತು. ಜಗತ್ತಿಗೆಲ್ಲ ಸಮಾನವಾದ ಕಾರಣಗಳನ್ನು ಭಾರತದ್ದೇ ಆದ ಕಾರಣಗಳಿಂದ ಬೇರ್ಪಡಿಸಿ ತೋರಿಸಿದ ದತ್ತರ ವರದಿ ಅಚ್ಚಾಗಿ ಹೊರಬಂದದ್ದು 1914ರಲ್ಲಿ.