ದೋಣಿಯ ಒಡೆತನ: ಕರಾವಳಿಯ ಒಂದು ಹಳೆಯ ಲೆಕ್ಕ

ದೋಣಿಗೆ ಎಷ್ಟು ಕೊಟ್ಟಿರಿ ಎಂದು ಮೀನುಗಾರರನ್ನು ಕೇಳಿದರೆ ಒಂದು ಮೊತ್ತ ಹೇಳುತ್ತಾರೆ. ಅದನ್ನು ಇಟ್ಟುಕೊಳ್ಳಲು ಎಷ್ಟು ಖರ್ಚು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ನಮ್ಮ ಕರಾವಳಿಯ ಮೀನುಗಾರಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ ಬಲೆ, ಯಂತ್ರ, ಬಂದರು ಮತ್ತು ರಫ್ತಿನ ಚರಿತ್ರೆಯಾಗಿ ಬರೆಯುತ್ತಾರೆ. ಅದನ್ನೇ ದೋಣಿಯ ಖರ್ಚಿನ ಕಡೆಯಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ದೋಣಿ ಯಾರದು? ಕಾರವಾರದಿಂದ ಮಂಗಳೂರಿನವರೆಗಿನ ತೀರದಲ್ಲಿ ಈ ಪ್ರಶ್ನೆಗೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಉತ್ತರ ಬದಲಾದಷ್ಟು ಅದಕ್ಕೆ ಮೊದಲಿನ ಹಲವು ಶತಮಾನಗಳಲ್ಲಿ ಬದಲಾಗಿರಲಾರದು.

ಮೊದಲು ಮರದ ದೋಣಿಯ ಮಾತು. ಮಾವಿನ ಮರದ ದಿಮ್ಮಿಯನ್ನು ಕೊರೆದು ಮಾಡಿದ ಸಣ್ಣ ದೋಣಿಯೇ ಇರಲಿ, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ದೊಡ್ಡ ದೋಣಿಯೇ ಇರಲಿ, ನೀರಿಗೆ ಇಳಿದ ದಿನದಿಂದಲೇ ಅದು ಸವೆಯತೊಡಗುತ್ತದೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿದೆ. ದಡದ ಮೇಲೆ ಎಳೆದಿಟ್ಟರೆ ಬಿಸಿಲಿಗೆ ಹಲಗೆ ಬಿರಿಯುತ್ತದೆ. ಆದ್ದರಿಂದ ಮಳೆಗಾಲ ಬರುವ ಮುನ್ನ ದೋಣಿಯನ್ನು ಮೇಲಕ್ಕೆಳೆದು, ಮಡಲಿನ ಚಪ್ಪರ ಕಟ್ಟಿ, ಮೀನೆಣ್ಣೆ ಬಳಿದು, ಕೊಳೆತ ಹುರಿಯನ್ನು ಕಿತ್ತು ಹೊಸದಾಗಿ ಹೊಲಿಯುವುದು ವರ್ಷವರ್ಷದ ಕೆಲಸವಾಗಿತ್ತು. ಮೀನೆಣ್ಣೆ ಮನೆಯದೇ, ನಾರು ತೋಟದ್ದೇ, ಕೈ ತಮ್ಮದೇ. ಹೀಗಾಗಿ ಈ ಖರ್ಚು ರೊಕ್ಕದ ರೂಪದಲ್ಲಿ ಕಾಣುತ್ತಿರಲಿಲ್ಲ. ಕಾಣದಿದ್ದ ಮಾತ್ರಕ್ಕೆ ಖರ್ಚೇ ಇರಲಿಲ್ಲ ಎನ್ನುವಂತಿಲ್ಲ.

ಈ ತಲೆನೋವು ಎಷ್ಟು ಹಳೆಯದು ಎಂಬುದಕ್ಕೆ ಒಂದು ಸಾಕ್ಷಿ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕ್ರಿಸ್ತಪೂರ್ವ 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನಗಳನ್ನು ಕೊರೆದ ಕರಿಗಲ್ಲು ಅದು. ಅದರ ಪ್ರಕಾರ 60 ಗುರ್ ಅಳತೆಯ ದೋಣಿ ಕಟ್ಟಿದವನ ಕೂಲಿ 2 ಶೆಕೆಲ್ ಬೆಳ್ಳಿ. ಕಟ್ಟಿದ ದೋಣಿ ಅದೇ ವರ್ಷದೊಳಗೆ ಸೋರಿದರೆ ಕಟ್ಟಿದವನೇ ಅದನ್ನು ಬಿಚ್ಚಿ ಸ್ವಂತ ಖರ್ಚಿನಲ್ಲಿ ಗಟ್ಟಿಯಾಗಿ ಕಟ್ಟಿಕೊಡಬೇಕು. ಅಷ್ಟೇ ದೊಡ್ಡ ದೋಣಿಯ ದಿನದ ಬಾಡಿಗೆ ಒಂದು ಶೆಕೆಲಿನ ಆರನೆಯ ಒಂದು ಭಾಗ. ಅಂದರೆ 12 ದಿನದ ಬಾಡಿಗೆಗೆ ಕಟ್ಟಿದವನ ಕೂಲಿ ಹುಟ್ಟುತ್ತಿತ್ತು. ಇದು ನದಿಯ ದೋಣಿಯ ಮಾತು, ಸರಕು ಸಾಗಿಸುವವರ ಮಾತು. ಮೀನು ಹಿಡಿಯುವವನಿಗೆ ಬಾಡಿಗೆ ಕೊಡುವವರು ಯಾರು? ಅವನ ಆದಾಯ ಸಮುದ್ರದ ಮರ್ಜಿ.

ಆ ಮರ್ಜಿಯನ್ನು ಎದುರಿಸಲು ನಮ್ಮ ತೀರದವರು ಕಂಡುಕೊಂಡ ವ್ಯವಸ್ಥೆಯೇ ರಂಪಣಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂದಿನ ತರುಣರಲ್ಲಿ ಹಲವರು ರಂಪಣಿಯನ್ನು ನೋಡಿಲ್ಲ. ಅದು ಒಂದು ಕಿಲೋಮೀಟರಿಗೂ ಮಿಕ್ಕಿದ ಬಲೆ. ಸೆಪ್ಟೆಂಬರಿನ ನಂತರ ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪಕ್ಕೆ ಬಂದಾಗ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೊಡ್ಡ ದೋಣಿಯಲ್ಲಿ ಬಲೆಯನ್ನು ಬಿಡುತ್ತಾ ಅರ್ಧಚಂದ್ರಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುತ್ತಿದ್ದರು. ಆಮೇಲೆ ಎರಡೂ ಕಡೆ ಊರಿಗೆ ಊರೇ ನಿಂತು ಎಳೆಯಬೇಕು. ಹಿಂಡು ದೊಡ್ಡದಾದರೆ ಬಲೆಯನ್ನು ನೀರಿನಲ್ಲಿಯೇ ಗೋಡೆಯಂತೆ ನಿಲ್ಲಿಸಿ, ದಿನಗಟ್ಟಲೆ ಬೇಕಾದಷ್ಟೇ ಮೀನನ್ನು ತೆಗೆಯುವ ಪದ್ಧತಿಯೂ ಇತ್ತು. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಮೀನನ್ನು ಕೆಡದಂತೆ ಇಡುವ ಇದಕ್ಕಿಂತ ಅಗ್ಗದ ಉಪಾಯ ಯಾವುದಿತ್ತು?

ಇಷ್ಟು ದೊಡ್ಡ ಬಲೆಯನ್ನು ಒಬ್ಬ ಮೀನುಗಾರ ಕೊಳ್ಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಬಲೆಯನ್ನೇ ತುಂಡುಗಳಾಗಿ ಹಂಚಿಕೊಂಡರು. ಹತ್ತಾರು ಮನೆಯವರು ತಮ್ಮ ತಮ್ಮ ಪಾಲಿನ ತುಂಡನ್ನು ನೇಯ್ದು ತರುತ್ತಿದ್ದರು. ಎಲ್ಲವನ್ನೂ ಸೇರಿಸಿ ಹೊಲಿದರೆ ಅದೇ ರಂಪಣಿ. ಪಾಲುದಾರರ ಈ ಕೂಟಕ್ಕೆ ಜನ ರಂಪಣಿ ಕಂಪೆನಿ ಎಂದೇ ಕರೆದರು. ದೋಣಿ ಕಂಪೆನಿಯದು. ಖರ್ಚು ಕಳೆದು ಉಳಿದದ್ದು ಪಾಲುದಾರರಿಗೆ. ನನಗಂತೂ ಈ ಏರ್ಪಾಟಿನಲ್ಲಿ ಮೀನಿನ ಹಂಚಿಕೆಗಿಂತ ದುರಸ್ತಿಯ ಹಂಚಿಕೆಯೇ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ. ಹತ್ತಿಯ, ಸೆಣಬಿನ ಬಲೆ ಬೇಗ ಕೊಳೆಯುತ್ತದೆ. ಅದನ್ನು ತೊಗಟೆಯ ರಸದಲ್ಲಿ ಅದ್ದಿ ಒಣಗಿಸುತ್ತಲೇ ಇರಬೇಕು. ಹರಿದ ತುಂಡು ಯಾರದೋ ಅವನೇ ಸರಿಪಡಿಸಬೇಕು ಎಂದಾಗ ಒಬ್ಬನ ತಲೆಯ ಮೇಲೆ ಇಡೀ ಬಲೆಯ ಭಾರ ಬೀಳುವುದಿಲ್ಲ.

ಹಾಗೆಂದು ರಂಪಣಿಯ ಕಾಲವನ್ನು ರಾಮರಾಜ್ಯವೆಂದು ಬಣ್ಣಿಸಬೇಕಾಗಿಲ್ಲ. ಬೂತಾಯಿ ಒಂದು ವರ್ಷ ರಾಶಿ ಬಿದ್ದು ತೆಂಗಿನ ತೋಟಕ್ಕೂ ಕಾಫಿ ತೋಟಕ್ಕೂ ಗೊಬ್ಬರವಾಗುವುದು, ಮತ್ತೆ ಹಲವು ವರ್ಷ ಮುಖವನ್ನೇ ತೋರಿಸದಿರುವುದು ಈ ಕಡಲಿನ ಸ್ವಭಾವ. 1940ರ ದಶಕದಲ್ಲಿ ಅದು ಬಹುಮಟ್ಟಿಗೆ ಕಾಣೆಯಾಗಿಯೇ ಹೋಗಿತ್ತು. ಅಂಥ ವರ್ಷಗಳಲ್ಲಿ ದೋಣಿಗೆ ಹಲಗೆ, ಬಲೆಗೆ ನೂಲು ಎಲ್ಲಿಂದ ಬರಬೇಕು? ಒಣಮೀನಿನ ವ್ಯಾಪಾರಿ ಮುಂಗಡ ಕೊಡುತ್ತಿದ್ದ. ಮುಂಗಡ ತೆಗೆದುಕೊಂಡವನು ಮುಂದಿನ ಮೀನನ್ನು ಅವನಿಗೇ, ಅವನು ಹೇಳಿದ ದರಕ್ಕೇ ಕೊಡಬೇಕು. ದೋಣಿ ಹೆಸರಿಗೆ ಮೀನುಗಾರನದು, ಮೀನು ಮಾತ್ರ ಸಾಹುಕಾರನದು.

ಈ ಗಂಟನ್ನು ಸರಿಯಾಗಿ ಗುರುತಿಸಿದವರಲ್ಲಿ ಫ್ರೆಡರಿಕ್ ನಿಕಲ್ಸನ್ ಒಬ್ಬರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಅಧಿಕಾರಿಯಾಗಿದ್ದ ಇವರು 1890ರ ದಶಕದಲ್ಲಿ ರೈತರ ಸಾಲದ ಬಗ್ಗೆ ವಿಸ್ತಾರವಾದ ವರದಿ ಬರೆದು, ಜರ್ಮನಿಯ ರೈಫೈಸೆನ್ ಮಾದರಿಯ ಸಹಕಾರ ಸಂಘಗಳು ಇಲ್ಲಿಗೂ ಬೇಕೆಂದು ವಾದಿಸಿದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಹಿಂದೆ ಆ ವರದಿಯ ಪ್ರಭಾವವಿದೆ. ಅದೇ ಕಾಯಿದೆಯಡಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದನ್ನು ಓದುಗರು ಬಲ್ಲರು. ಅದೇ 1905ರಲ್ಲಿ ನಿಕಲ್ಸನ್ನರಿಗೆ ಮೀನುಗಾರಿಕೆಯ ಹೊಣೆ ಬಂತು. ಸಾಲದ ಶಾಸ್ತ್ರ ಓದಿದವರೇ ಮೀನಿನ ಇಲಾಖೆಗೆ ಬಂದದ್ದು ಒಳ್ಳೆಯ ಯೋಗಾಯೋಗ. ಆದರೆ ರೈತನಿಗೆ ಅಡವಿಡಲು ಹೊಲವಿದೆ, ಮೀನುಗಾರನಿಗೆ ಇರುವುದು ಇಂದೋ ನಾಳೆಯೋ ಮುಳುಗಬಹುದಾದ ಮರದ ತೊಟ್ಟಿಲು. ಈ ವ್ಯತ್ಯಾಸ ಇಂದಿಗೂ ಬಗೆಹರಿದಿಲ್ಲ.

ಯಂತ್ರ ಬಂದದ್ದು ಸ್ವಾತಂತ್ರ್ಯಾನಂತರ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ, 1953ರಲ್ಲಿ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಯೋಜನೆ ಪ್ರಾರಂಭವಾಯಿತು. ಇದ್ದ ನಾಡದೋಣಿಗಳಿಗೇ ಯಂತ್ರ ಕೂರಿಸುವುದು ಮೊದಲ ಆಲೋಚನೆ. ಅವು ಅದಕ್ಕೆ ಒಗ್ಗದ ಕಾರಣ ಹೊಸ ಬೋಟುಗಳನ್ನೇ ಕಟ್ಟಬೇಕಾಯಿತು. ಇಲ್ಲಿಯೇ ಖರ್ಚಿನ ಸ್ವರೂಪ ಬದಲಾಯಿತು. ನಾರು, ಮೀನೆಣ್ಣೆ, ಮೈಗೆಲಸ ಇದ್ದ ಜಾಗಕ್ಕೆ ಡೀಸೆಲ್, ಬಿಡಿಭಾಗ, ಮೆಕ್ಯಾನಿಕ್ ಬಂದರು. ಇವೆಲ್ಲಕ್ಕೂ ನಗದು ಬೇಕು. ಯೋಜನೆ ಕ್ರಮೇಣ ವಿಸ್ತರಿಸಿ ನಮ್ಮ ಕಾರವಾರದಲ್ಲಿಯೂ ಒಂದು ನೆಲೆ ಮಾಡಿಕೊಂಡಿತು.

ನಗದು ಎಲ್ಲಿಂದ ಬಂತು ಎಂದರೆ ಸಿಗಡಿಯಿಂದ. ಶೀತಲೀಕರಿಸಿದ ಸಿಗಡಿಗೆ ಅಮೆರಿಕ, ಜಪಾನುಗಳಲ್ಲಿ ಬೇಡಿಕೆ ಹುಟ್ಟಿತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿತು. ನೂರು ಡಾಲರಿನ ಸಿಗಡಿಗೆ 476 ರೂಪಾಯಿ ಸಿಗುತ್ತಿದ್ದ ಕಡೆ 750 ರೂಪಾಯಿ. ದೇಶವೆಲ್ಲ ಬೆಲೆ ಏರಿತೆಂದು ಗೊಣಗುತ್ತಿದ್ದಾಗ ಬಂದರುಗಳಲ್ಲಿ ಟ್ರಾಲ್ ಬೋಟು ಕಟ್ಟುವ ಬಡಗಿಗಳಿಗೆ ಪುರುಸೊತ್ತಿರಲಿಲ್ಲ. ಈ ಲಾಭವನ್ನು ಕಂಡು, ಎಂದೂ ಸಮುದ್ರಕ್ಕೆ ಇಳಿಯದವರೂ ಬೋಟು ಕೊಂಡರು. ದಡದಲ್ಲಿ ಕುಳಿತ ಒಡೆಯ, ನೀರಿನಲ್ಲಿ ತಾಂಡೇಲ ಮತ್ತು ಕಲಾಸಿಗಳು ಎಂಬ ವಿಂಗಡಣೆ ಹೀಗೆ ಬೆಳೆಯಿತು.

ದೊಡ್ಡ ತಿರುವು 1970ರ ದಶಕದ ನಡುವಿನದು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಅವುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮ ಕರಾವಳಿಯಲ್ಲಿಯೇ ಹುಟ್ಟಿದವು. 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಹೋಗಿ ಆಣೆ ಆಣೆ ಕೂಡಿಸಿದ ಚರಿತ್ರೆ ಸಿಂಡಿಕೇಟ್ ಬ್ಯಾಂಕಿನದು. (2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಅಡವಿಡಲು ಹೊಲವಿಲ್ಲದವನಿಗೂ ಸಾಲ ಸಿಗಬಹುದೆಂಬ ಕಾಲ ಬಂದಂತೆ ಕಂಡಿತು. ಸುಮಾರು 1975ರಿಂದ ಮಂಗಳೂರಿನ ಸುತ್ತ ಪರ್ಸೀನ್ ಬೋಟುಗಳು ಕಾಣಿಸಿಕೊಂಡವು. ಹಿಂಡನ್ನು ಸಮುದ್ರದಲ್ಲಿಯೇ ಸುತ್ತುವರಿದು, ಬಲೆಯ ಅಡಿಯ ಬಳೆಗಳಲ್ಲಿ ಹಾಯುವ ಹಗ್ಗವನ್ನು ಎಳೆದರೆ ಚೀಲದ ಬಾಯಿ ಮುಚ್ಚಿದಂತೆ ಬಲೆ ಮುಚ್ಚಿಕೊಳ್ಳುತ್ತದೆ. ಬೋಟಿಗೆ ಒಂದು ಸಾಲ, ನೈಲಾನ್ ಬಲೆಗೆ ಇನ್ನೊಂದು. ಅದೂ ಎಂಥ ಹೊತ್ತಿನಲ್ಲಿ? 1973ರ ಅಕ್ಟೋಬರಿನ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಗಿತ್ತು. ಎಣ್ಣೆ ಅಗ್ಗವಾಗಿದ್ದ ದಿನಗಳ ಕನಸಿಗೆ ಎಣ್ಣೆ ತುಟ್ಟಿಯಾದ ದಿನಗಳಲ್ಲಿ ಸಾಲ ತೆಗೆದರು ಎನ್ನಬೇಕು.

ಮೊದಲ ವರ್ಷಗಳಲ್ಲಿ ಮೀನು ರಾಶಿ ಬಿತ್ತು, ನಿಜ. ಆದರೆ ದಡಕ್ಕೆ ಬರಬೇಕಿದ್ದ ಹಿಂಡು ದಾರಿಯಲ್ಲಿಯೇ ಬಲೆಗೆ ಸಿಕ್ಕಿತು. ರಂಪಣಿ ಕಾಯುತ್ತಾ ನಿಂತಿತು. ದಶಕ ಮುಗಿಯುವಷ್ಟರಲ್ಲಿ ಎರಡೂ ಕಡೆಯವರ ನಡುವೆ ಘರ್ಷಣೆಗಳಾದವು. ಕಂಪೆನಿಗಳು ಒಂದೊಂದಾಗಿ ಮುಚ್ಚಿದವು. ಬಲೆಯ ತುಂಡು ಇದ್ದವನು ಪಾಲುದಾರನಾಗಿದ್ದ. ತುಂಡು ನಿರುಪಯೋಗಿಯಾದ ಮೇಲೆ ಅವನು ಇನ್ನೊಬ್ಬರ ಬೋಟಿನಲ್ಲಿ ಕಲಾಸಿಯಾದ. ದಡದಲ್ಲಿಯೇ ಮೀನು ಕೊಳ್ಳುತ್ತಿದ್ದ ಹೆಂಗಸರು ಬುಟ್ಟಿ ಹೊತ್ತು ದೂರದ ಬಂದರಿಗೆ, ಲಾರಿಯವರೊಡನೆ ಹರಾಜಿಗೆ ನಿಲ್ಲಬೇಕಾಯಿತು. ಪರ್ಸೀನ್ ಕೊಂಡವರಲ್ಲಿಯೂ ಎಲ್ಲರೂ ಗೆಲ್ಲಲಿಲ್ಲ. ಬೋಟು ಹೆಚ್ಚಿದಂತೆ ಒಂದೊಂದರ ಪಾಲಿನ ಮೀನು ಕಡಿಮೆಯಾಗುವುದು ಸರಳ ಗಣಿತ. ಸರ್ಕಾರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯನ್ನು ತಂದದ್ದು 1986ರಲ್ಲಿ. ಆ ವೇಳೆಗೆ ಹಳೆಯ ರಂಪಣಿಯವರು ನಾಡದೋಣಿಗೆ ಹೊರಗಿನಿಂದ ಸಿಕ್ಕಿಸುವ ಸಣ್ಣ ಯಂತ್ರ ಹಾಕಿಕೊಂಡು, ಮಾಟುಬಲೆ ಹಿಡಿದು, ಸೀಮೆಎಣ್ಣೆಯ ಸರದಿಯಲ್ಲಿ ನಿಲ್ಲತೊಡಗಿದ್ದರು.

ಈಗಿನ ಲೆಕ್ಕಕ್ಕೆ ಬರೋಣ. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರು ಕೊಳ್ಳುವ ಒಂದು ಆಳಸಮುದ್ರ ಬೋಟಿನ ವೆಚ್ಚವನ್ನು 1 ಕೋಟಿ 20 ಲಕ್ಷ ರೂಪಾಯಿ ಎಂದು ನಿಗದಿ ಮಾಡಲಾಯಿತು. ಸಾಮಾನ್ಯ ವರ್ಗದವರಿಗೆ ನೂರಕ್ಕೆ 40ರಷ್ಟು ಸಹಾಯಧನ, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ 60ರಷ್ಟು. 48 ಲಕ್ಷ ಕಳೆದರೂ 72 ಲಕ್ಷ ಉಳಿಯಿತು. ನೂರಕ್ಕೆ 10ರ ಬಡ್ಡಿ ಎಂದುಕೊಂಡರೆ ವರ್ಷಕ್ಕೆ 7 ಲಕ್ಷ 20 ಸಾವಿರ, ದಿನಕ್ಕೆ ಎರಡು ಸಾವಿರದ ಹತ್ತಿರ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮರಿಮೀನು ಉಳಿಯಲು ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ಆ 61 ದಿನಗಳ ಬಡ್ಡಿಯೇ 1 ಲಕ್ಷ 20 ಸಾವಿರ ದಾಟುತ್ತದೆ. ಮೀನು ಮರಿ ಮಾಡುವಾಗ ಸಾಲವೂ ಮರಿ ಮಾಡುತ್ತದೆ ಎಂದು ತಮಾಷೆ ಮಾಡಬಹುದು, ಸಾಲ ನಮ್ಮದಲ್ಲದಿದ್ದರೆ.

ಕಡಲಿಗೆ ಹೊರಟ ಮೇಲಿನ ಖರ್ಚು ಬೇರೆ. ಹತ್ತು ದಿನಕ್ಕೆ ಬೇಕಾಗುವ ಡೀಸೆಲ್, ಮಂಜುಗಡ್ಡೆ, ಅಕ್ಕಿ, ಕುಡಿಯುವ ನೀರು ಇವೆಲ್ಲ ಮುಂಚಿತವಾಗಿ ತುಂಬಬೇಕು. ಮೀನು ಸಿಗಲಿ ಬಿಡಲಿ ಡೀಸೆಲ್ ಉರಿಯುತ್ತದೆ. ಇದರಲ್ಲಿ ದೊಡ್ಡ ಪಾಲು ಅದರದೇ, ಆದ್ದರಿಂದಲೇ ಮೀನುಗಾರರ ಡೀಸೆಲ್ ಮೇಲಿನ ಮಾರಾಟ ತೆರಿಗೆಯ ವಿನಾಯಿತಿ ಕರಾವಳಿಯಲ್ಲಿ ಅಷ್ಟು ದೊಡ್ಡ ವಿಷಯ. ಹಿಂತಿರುಗಿದ ಮೇಲೆ ಹರಾಜಿನ ಹಣದಿಂದ ಈ ಖರ್ಚು ಕಳೆದ ನಂತರವೇ ಒಡೆಯನಿಗೂ ಜನರಿಗೂ ಪಾಲು. ಪಾಲಿನ ಪದ್ಧತಿ ರಂಪಣಿಯ ಕಾಲದ್ದೇ, ಆದರೆ ಪಾಲಿಗೆ ಮುಂಚೆ ಕಳೆಯುವ ಸಾಲುಗಳು ಉದ್ದವಾಗಿವೆ. ಸಾಲು ಉದ್ದವಾದಷ್ಟೂ ಬೋಟು ಇನ್ನಷ್ಟು ದೂರ, ಇನ್ನಷ್ಟು ಆಳಕ್ಕೆ, ಇನ್ನೂ ಎರಡು ದಿನ ಎಂದು ಹೋಗುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಬೆಳಕಿನ ಮೀನುಗಾರಿಕೆಯ ಆಸೆಯೂ ಬಹುಪಾಲು ಈ ಲೆಕ್ಕದಿಂದಲೇ ಹುಟ್ಟಿದ್ದು ಎಂದು ನನ್ನ ಅನಿಸಿಕೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರೊಡನೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳ ನಂತರ ಸಂಪರ್ಕ ಕಳೆದುಕೊಂಡಿತು. ಒಡೆಯರೂ ಅದರಲ್ಲಿಯೇ ಇದ್ದರು. ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ಆರಂಭದಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಗುರುತಿಸಿದರು. ಏಳೂ ಮಂದಿ ಮರಳಲಿಲ್ಲ. ಉಡುಪಿ ಮತ್ತು ಉತ್ತರ ಕನ್ನಡದ ಆ ಮನೆಗಳವರು ಕಾದ ಅವಧಿ ನಾಲ್ಕೂವರೆ ತಿಂಗಳು. ಮುಂದಿನ ಆಗಸ್ಟಿನಲ್ಲಿ, ಎಂದಿನಂತೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ, ಮಲ್ಪೆಯ ಬೋಟುಗಳು ಡೀಸೆಲ್ ತುಂಬಿಸಿಕೊಂಡು ಮತ್ತೆ ಹೊರಟವು.